ಪಾದ್ರಿಮನೆಯ ಅಡುಗೆಮನೆಯಿಂದ

ಸೇಂಟ್ ಕ್ಲೌಡ್, ಮಿನೆಸೋಟ
ಜುಲೈ 9, 2009

ಟಿಲ್ಲಿ,

ಬಂದು ಸೇರಿದೆ. ಮೂರನೇ ಮಹಡಿ, ಎರಡು ಕೋಣೆ, ಕಿಟಕಿ ತೆರೆದರೆ ಕಾರು ನಿಲ್ಲಿಸುವ ಜಾಗ. ಬಿಷಪ್ಪರ ಕಚೇರಿಯ ಹುಡುಗಿ ಬೀಗದ ಕೈ ಕೊಡುತ್ತಾ, "ಇನ್ನೇನಾದ್ರೂ ಬೇಕಾ ಫಾದರ್?" ಅಂದಳು. ಏನೂ ಬೇಡ ತಾಯಿ ಅಂದೆ. ಅವಳು ಹೋದ ಮೇಲೆ ಹಾಸಿಗೆಯ ತುದಿಯಲ್ಲಿ ಕೂತು, ಇನ್ನು ಮುಂದೆ ಏನು ಮಾಡುವುದು ಅಂತ ಬಹಳ ಹೊತ್ತು ಯೋಚಿಸಿದೆ. ಏನೂ ಹೊಳೆಯಲಿಲ್ಲ. ಎದ್ದು ಮುಖ ತೊಳೆದುಕೊಂಡೆ.

ಫೋನ್ ಮಾಡೋಣವೆಂದರೆ ಫೋನಿನ ಮಾತು ನನ್ನ ಕಿವಿಗೆ ಹತ್ತುವುದಿಲ್ಲ, ನಿನಗೆ ಗೊತ್ತೇ ಇದೆ. ಊರಿಗೆ ಬಂದು ಹೋಗೋಣವೆಂದರೆ ಬಿಷಪ್ಪರ ನಿಯಮ ಅಡ್ಡ: ನಿವೃತ್ತನಾದ ಪಾದ್ರಿ ಒಂದು ವರ್ಷ ತನ್ನ ಹಳೆಯ ಚರ್ಚಿನ ಕಡೆ ತಲೆ ಹಾಕಿಯೂ ಮಲಗಬಾರದು. ಮದುವೆಗೂ ಇಲ್ಲ, ಮಣ್ಣಿಗೂ ಇಲ್ಲ. ಜನ ಹೊಸಬರಿಗೆ ಹೊಂದಿಕೊಳ್ಳಬೇಕಲ್ಲ. ನಿಯಮವೇನೋ ಸರಿಯಾಗಿಯೇ ಇದೆ. ನಾನು ಸೇಂಟ್ ಗಾಲ್‌ಗೆ ಬಂದ ಹೊಸದರಲ್ಲಿ ಹಳೆಯ ಫಾದರ್ ಪ್ರತಿ ಭಾನುವಾರ ಮುಂದಿನ ಬೆಂಚಿನಲ್ಲೇ ಕೂತು ನನ್ನ ಪ್ರಸಂಗ ಮುಗಿಯುವ ತನಕ ತಲೆ ಅಲ್ಲಾಡಿಸುತ್ತಿದ್ದರು. ಹೌದು ಹೌದು ಅಂತ ಅಲ್ಲ.

ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೇ ಪೂಜೆ ಅರ್ಪಿಸುತ್ತೇನೆ. "ಪ್ರಭು ನಿಮ್ಮೊಡನೆ ಇರಲಿ" ಅಂತ ಎರಡೂ ಕೈ ಚಾಚಿ ಮರುನುಡಿಗೆ ಕಾಯುತ್ತೇನೆ. ಫ್ರಿಜ್ಜು ಗುರ್ ಅನ್ನುತ್ತದೆ. ಸರಿ, ಮುಂದಕ್ಕೆ ಹೋಗುತ್ತೇನೆ.

ನಿನ್ನೆ ಮೊಟ್ಟೆ ಬೇಯಿಸಲು ಇಟ್ಟು ಜಪದ ಪುಸ್ತಕ ಹಿಡಿದು ಕೂತೆ. ನೀರೆಲ್ಲಾ ಆರಿ, ಮೊಟ್ಟೆ ಸಿಡಿದು, ಮನೆ ತುಂಬಾ ಹೊಗೆ. ಛಾವಣಿಯಲ್ಲಿದ್ದ ಹೊಗೆಯ ಎಚ್ಚರಿಕೆ ಗಂಟೆ ಕೂಗಿಕೊಂಡಿತು. ಪಕ್ಕದ ಮನೆಯ ಮುದುಕ, ಆರ್ವಿಡ್ ಅಂತ, ಲುಥೆರನ್, ನಮ್ಮ ಸಭೆಯವನಲ್ಲ, ಊರುಗೋಲು ಹಿಡಿದು ಬಾಗಿಲಿಗೆ ಬಂದ. "ಯಾರ್ರೀ ಒಳಗೆ ಸಾಯ್ತಿರೋದು?" ಅಂದ. "ಮೊಟ್ಟೆ" ಅಂದೆ. ಇಪ್ಪತ್ತೇಳು ವರ್ಷ ನೀನು ಬೇಯಿಸಿ ಹಾಕಿದ್ದನ್ನು ತಿಂದು ಕೂತವನಿಗೆ ಇದೇ ಆಗಬೇಕು. ಮೊಟ್ಟೆ ಬೇಯಿಸುವುದು ಹೇಗೆ, ದಯಮಾಡಿ ಬರೆ.

ಒಂದೇ ಸಮಾಧಾನ ನನಗೆ. ಪಾದ್ರಿಮನೆಯ ಒಲೆ ಇನ್ನೂ ನಿನ್ನ ಕೈಯಲ್ಲೇ ಇದೆ. ನಾನು ಬಂದುಬಿಟ್ಟರೂ ಆ ಅಡುಗೆಮನೆಯೊಂದು ಇದ್ದ ಹಾಗೇ ನಡೆಯುತ್ತಿದೆ ಅಂತ ನೆನೆಸಿಕೊಂಡರೆ ನಿದ್ದೆ ಹತ್ತುತ್ತದೆ. ನನ್ನ ಜಾಗಕ್ಕೆ ಬಂದ ಫಾದರ್ ಒಬಿಯೋರಾ ನೈಜೀರಿಯಾದವರು, ನಿನ್ನ ಲಿವರ್ ಉಂಡೆಯ ಸಾರು ಅವರಿಗೆ ಹಿಡಿಸಿತೇ? ಅಡುಗೆಮನೆಯ ಸುದ್ದಿ ಒಂದೂ ಬಿಡದೆ ಬರೆ.

ಫಾದರ್ ಲಿಯಾಂಡರ್


ಸೇಂಟ್ ಗಾಲ್
ಜುಲೈ 15, 2009

ಫಾದರ್,

ಇದನ್ನು ನಾನು ಅಂಚೆಗೆ ಹಾಕುವುದಿಲ್ಲ. ಆದರೂ ಒಂದು ಸಲ ನಿಜ ಬರೆದುಬಿಟ್ಟರೆ ಆಮೇಲೆ ಸುಳ್ಳು ಬರೆಯಲು ಕೈ ಓಡೀತು ಅಂತ ಕೂತಿದ್ದೇನೆ.

ನೀವು ಹೋದ ವಾರವೇ ನಾನು ಪಾದ್ರಿಮನೆಯ ಬೀಗದ ಕೈ ವಾಪಸು ಕೊಟ್ಟೆ. ಫಾದರ್ ಒಬಿಯೋರಾ ನನ್ನನ್ನು ಕೂರಿಸಿ, ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಹೇಳಿದರು: "ಮಮ್ಮಾ, ನಮ್ಮನೇಲಿ ನಾನೇ ಹಿರೀಮಗ. ನಮ್ಮಮ್ಮ ನನ್ನ ಕೈಲೇ ಅಡುಗೆ ಮಾಡಿಸ್ತಿದ್ರು. ನಿಮ್ಮಂಥ ಹಿರಿಯರು ನನಗೋಸ್ಕರ ಒಲೆ ಮುಂದೆ ನಿಂತ್ರೆ ನಂಗೆ ತುತ್ತು ಇಳಿಯಲ್ಲ. ಇಷ್ಟು ವರ್ಷ ದುಡಿದಿದ್ದೀರಿ, ಸುಧಾರಿಸ್ಕೊಳ್ಳಿ." ಒಳ್ಳೆಯವರು. ಅದೇ ಕಷ್ಟ. ಕೆಟ್ಟವರಾಗಿದ್ದರೆ ಬಾಯ್ತುಂಬಾ ಬೈದಾದರೂ ಬರಬಹುದಿತ್ತು. ಚರ್ಚಿನ ಸಮಿತಿಯವರು ರಿಬ್ಬನ್ ಕಟ್ಟಿದ ಒಂದು ಹೂಕುಂಡ ಕೊಟ್ಟು ಚಪ್ಪಾಳೆ ತಟ್ಟಿದರು.

ಸುಧಾರಿಸಿಕೊಳ್ಳುವುದು ಹೇಗೆ ಫಾದರ್? ಇನ್ನೂ ಬೆಳಕು ಹರಿಯುವ ಮೊದಲೇ ಎದ್ದು, ಶೂ ಕಟ್ಟಿಕೊಂಡು, ಬಾಗಿಲ ತನಕ ಬಂದು ನಿಲ್ಲುತ್ತೇನೆ. ಆಮೇಲೆ ಶೂ ಬಿಚ್ಚುತ್ತೇನೆ. ಅರವತ್ತೊಂಬತ್ತು ವಯಸ್ಸಿಗೆ ಇದೊಂದು ಹೊಸ ಆಟ.

ನಿಮ್ಮ ಕಾಗದ ಪಾದ್ರಿಮನೆಗೆ ಬಂದಿತ್ತು. ಫಾದರ್ ಒಬಿಯೋರಾ ತಾವೇ ನಡೆದು ಬಂದು ನನ್ನ ಮನೆಗೆ ಕೊಟ್ಟು ಹೋದರು. ಇನ್ನು ಮೇಲೆ ಬೇಡ, ಮಂಗಳವಾರ ಮಂಗಳವಾರ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ ಅಂದೆ. ಅಷ್ಟಾದರೂ ಹೋಗಲಿಕ್ಕೆ ಒಂದು ಜಾಗ ಇರಲಿ.

ಇದನ್ನು ನಿಮಗೆ ತಿಳಿಸಿದರೆ ಅದೇ ಸಂಜೆ ಕಾರು ಹತ್ತಿ ಬರುತ್ತೀರಿ, ಆ ಪಾಪದವರ ಹತ್ತಿರ ಜಗಳ ತೆಗೆಯುತ್ತೀರಿ, ಬಿಷಪ್ಪರ ಕಿವಿಗೆ ಬೀಳುತ್ತದೆ. ಮೇಲಾಗಿ ಆ ಅಡುಗೆಮನೆ ನೆನೆಸಿಕೊಂಡರೆ ನಿದ್ದೆ ಹತ್ತುತ್ತದೆ ಅಂತ ಬರೆದಿದ್ದೀರಿ. ನಿಮ್ಮ ನಿದ್ದೆ ನಾನು ಯಾಕೆ ಕೆಡಿಸಲಿ.

ಟಿಲ್ಲಿ


ಸೇಂಟ್ ಗಾಲ್
ಜುಲೈ 16, 2009

ಫಾದರ್,

ಮೊಟ್ಟೆಯನ್ನು ತಣ್ಣೀರಿನಲ್ಲಿ ಇಡಿ. ಕುದಿ ಬಂದ ಕೂಡಲೇ ಒಲೆ ಆರಿಸಿ, ಮುಚ್ಚಿಡಿ. ಜಪಸರ ಹಿಡಿದು, ಹತ್ತು ಹತ್ತು ಮಣಿಯಂತೆ, ಮೂರು ರಹಸ್ಯ ಹೇಳಿ ಮುಗಿಸಿ. ನೀವು ಶನಿವಾರ ಚಳಿಯಲ್ಲಿ ಜಪ ಓಡಿಸುತ್ತಿದ್ದಿರಲ್ಲ, ಆ ವೇಗದಲ್ಲಿ ಅಲ್ಲ. ನಿಧಾನವಾಗಿ, ಅರ್ಥ ತಿಳಿದು ಹೇಳಿ. ಮೊಟ್ಟೆಯೂ ಬೇಯುತ್ತದೆ, ನಿಮ್ಮ ಆತ್ಮಕ್ಕೂ ಒಳ್ಳೆಯದು.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಹೊಸ ಫಾದರ್ ಉಂಡೆ ಸಾರನ್ನು ಎರಡೆರಡು ಸಲ ಹಾಕಿಸಿಕೊಂಡರು. ಖಾರ ಸಾಲದು ಅಂತ ಮೇಲೆ ಅವರದೇ ಏನೋ ಪುಡಿ ಉದುರಿಸಿಕೊಳ್ಳುತ್ತಾರೆ, ನನಗೆ ಸೀನು ಬರುತ್ತದೆ. ಕೊಂಡಿ ಸಡಿಲಾಗಿದ್ದ ಆ ಕಪಾಟಿನ ಬಾಗಿಲು ಹಾಗೇ ಇದೆ. ನೀವು ಸರಿಮಾಡುತ್ತೇನೆ ಸರಿಮಾಡುತ್ತೇನೆ ಅಂತ ಹೇಳಿಯೇ ನಿವೃತ್ತರಾದಿರಿ.

ಹೊರಗೆ ಹೋಗಿ ನಾಲ್ಕು ಜನರ ಮುಖ ನೋಡಿ. ಮನೆಯಲ್ಲಿ ಕೂತು ಫ್ರಿಜ್ಜಿಗೆ ಪೂಜೆ ಮಾಡಬೇಡಿ.

ಟಿಲ್ಲಿ


ಸೇಂಟ್ ಕ್ಲೌಡ್
ಸೆಪ್ಟೆಂಬರ್ 21, 2009

ಟಿಲ್ಲಿ,

ನಿನ್ನ ಮಾತು ಕೇಳಿ ಹೊರಗೆ ಹೋದೆ. ಏನಾಯಿತು ಕೇಳು.

ಮೊದಲು ಇಲ್ಲಿಯ ಒಂದು ಆಸ್ಪತ್ರೆಗೆ ಹೋದೆ. ರೋಗಿಗಳ ಪಕ್ಕ ಕೂತು ಬಂದವನಲ್ಲವೇ ನಾನು ಜೀವಮಾನವೆಲ್ಲಾ. ಮುಂದಿನ ಮೇಜಿನ ಹುಡುಗ, "ಬ್ಯಾಡ್ಜ್ ಎಲ್ಲಿ ಸಾರ್?" ಅಂದ. ಪಾದ್ರಿಯ ಕೊರಳಪಟ್ಟಿ ತೋರಿಸಿದೆ. "ಅದು ನಡೆಯಲ್ಲ ಸಾರ್, ತರಬೇತಿ ಆಗಿರ್ಬೇಕು. ಮುಂದಿನ ತರಬೇತಿ ಜನವರೀಲಿದೆ." "ಅಲ್ಲೀತನಕ ಇವ್ರೆಲ್ಲ ಸಾಯ್ದೆ ಕಾಯ್ತಾರೇನಪ್ಪ?" ಅಂದೆ. ಅವನು ನಗಲಿಲ್ಲ. ತಮಾಷೆ ಮಾಡುವ ಕಾಲವೂ ಹೋಯಿತು.

ಆಮೇಲೆ ದೊಡ್ಡ ಚರ್ಚಿನಲ್ಲಿ ಶನಿವಾರ ಪಾಪನಿವೇದನೆ ಕೇಳಲು ಕೂರುತ್ತೇನೆಂದು ಕೇಳಿಕೊಂಡೆ. ಒಪ್ಪಿದರು. ಪೆಟ್ಟಿಗೆಯೊಳಗೆ ಕತ್ತಲೆಯಲ್ಲಿ ಕೂತೆ. ಯಾರೂ ಬರಲಿಲ್ಲ. ತೂಕಡಿಕೆ ಹತ್ತಿತು. ಪರದೆಯಾಚೆ ಒಬ್ಬ ಹೆಂಗಸು ಬಂದು ಮೊಣಕಾಲೂರಿದ ಸದ್ದು ಕೇಳಿ ತಟ್ಟನೆ ನೆಟ್ಟಗೆ ಕೂತು ಆಶೀರ್ವಾದಕ್ಕೆ ಕೈ ಎತ್ತಿದೆ. "ಫಾದರ್, ಇಲ್ಲಿ ಬಾತ್‌ರೂಮು ಯಾವ ಕಡೆ?" ಅಂದಳು. ಎಡಕ್ಕೆ ಹೋಗಿ ಅಂದೆ. ಈ ಎರಡು ತಿಂಗಳಲ್ಲಿ ನಾನು ಒಂದು ಜೀವಕ್ಕೆ ತೋರಿಸಿದ ದಾರಿ ಅದೊಂದೇ.

ಈಗ ಸಿಕ್ಕಿರುವ ಉದ್ಯೋಗ ಕೇಳಿದರೆ ನೀನೂ ನಗುತ್ತೀಯ. ಆರ್ವಿಡ್‌ಗೆ ಕಣ್ಣಿನ ಪೊರೆ ತೆಗೆದಿದ್ದಾರೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಔಷಧಿಯ ಹನಿ ಹಾಕಿಕೊಳ್ಳಬೇಕು. ಅವನ ಕೈ ನಡುಗುತ್ತದೆ, ಹನಿ ಮೂಗಿಗೆ ಬೀಳುತ್ತದೆ. ಹೆಂಡತಿ ತೀರಿಕೊಂಡಿದ್ದಾಳೆ. ಹೀಗಾಗಿ ಬಂದು ನನ್ನ ಬಾಗಿಲು ಬಡಿಯುತ್ತಾನೆ. ರೆಪ್ಪೆ ಬಿಡಿಸಲು ನನ್ನ ಹೆಬ್ಬೆರಳು ಅವನ ಹಣೆಗೆ ತಾಗಿದ ಕೂಡಲೇ, "ಏಯ್, ನನ್ನನ್ನ ಕ್ಯಾಥೊಲಿಕ್ ಮಾಡ್ಬಿಟ್ಟೀಯ, ಹುಷಾರು!" ಅನ್ನುತ್ತಾನೆ. ದಿನವೂ ಅದೇ ಮಾತು, ದಿನವೂ ತಾನೇ ನಗುತ್ತಾನೆ.

ಸಾಯುವವರ ಹಣೆಗೆ ತೈಲ ಹಚ್ಚಿದ ಹೆಬ್ಬೆರಳು ಇದು. ಈಗ ಲುಥೆರನ್ ಕಣ್ಣಿಗೆ ಔಷಧಿ ಬಿಡುತ್ತಿದೆ. ದಣಿವಾಗುತ್ತದೆ ಟಿಲ್ಲಿ. ಕೆಲಸ ಮಾಡಿ ದಣಿದಾಗ ಹೀಗಿರಲಿಲ್ಲ.

ಫಾದರ್ ಲಿಯಾಂಡರ್


ಸೇಂಟ್ ಗಾಲ್
ಅಕ್ಟೋಬರ್ 20, 2009

ಫಾದರ್,

ಸುಗ್ಗಿಯ ಊಟ ಚರ್ಚಿನ ನೆಲಮಾಳಿಗೆಯಲ್ಲಿ ಚೆನ್ನಾಗಿ ನಡೆಯಿತು. ಹುಳಿಕೋಸು, ಸಾಸೇಜು, ಗಸಗಸೆಯ ಬ್ರೆಡ್ಡು, ಯಾವುದೂ ಉಳಿಯಲಿಲ್ಲ. ಕೈ ಬಿಡುವಿಲ್ಲದಷ್ಟು ಕೆಲಸ ನನಗೆ. ಕಾಗದ ತಡವಾದದ್ದು ಅದಕ್ಕೇ.

ಹನಿ ಹಾಕುವುದಕ್ಕೆ ನಾಚಿಕೆ ಯಾಕೆ ಅಂತ ನನಗೆ ಅರ್ಥವಾಗಲಿಲ್ಲ. ಒಬ್ಬ ಮನುಷ್ಯ ಬಾಗಿಲು ಬಡಿದು ನಿಮ್ಮ ಹತ್ತಿರ ಒಂದು ಕೇಳಿದ, ನೀವು ಕೊಟ್ಟಿರಿ. ಅದಕ್ಕಿಂತ ದೊಡ್ಡದು ಇನ್ನೇನು ಬೇಕಿತ್ತು ನಿಮಗೆ? ಮೆರವಣಿಗೆಯಾ? ಬಾಗಿಲು ಬಡಿಯುವವರು ಒಬ್ಬರೂ ಇಲ್ಲದೆ ಕೂತಿರುವವರೂ ಇದ್ದಾರೆ, ತಿಳಿದಿರಲಿ.

ಸ್ವೆಟರ್ ಹೊರಗೆ ತೆಗೆಯಿರಿ. ತೋಳು ಹರಿದದ್ದು ಮನೆಯೊಳಗೆ, ಚೆನ್ನಾಗಿರುವುದು ಹೊರಗೆ.

ಟಿಲ್ಲಿ


ಸೇಂಟ್ ಕ್ಲೌಡ್
ಡಿಸೆಂಬರ್ 2, 2009

ಟಿಲ್ಲಿ,

ನಿನ್ನ ಹಿಂದಿನ ಕಾಗದ ಓದಿ ಕೋಪ ಬಂತು. ಮೆರವಣಿಗೆ ಕೇಳಿದೆನೇ ನಾನು? ಕೈ ತುಂಬಾ ಕೆಲಸ ಇರುವವರಿಗೆ ಖಾಲಿ ಕೂತವರ ಪಾಡು ಹೇಗೆ ಗೊತ್ತಾದೀತು, ಬಿಡು. ನಿನ್ನ ಒಲೆ ನಿನ್ನ ಮುಂದೆ ಉರಿಯುತ್ತಿದೆ. ನಿನ್ನ ಅದೃಷ್ಟ.

ಕೋಪ ಇಳಿಯಲು ಒಂದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಹಿಮ ಬಿತ್ತು. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರಗಳ ಮೊದಲ ಮೇಣದಬತ್ತಿ ಹಚ್ಚಿ ಒಬ್ಬನೇ ಕೂತಿದ್ದಾಗ ಒಂದು ಯೋಚನೆ ಬಂತು. ಬಿಷಪ್ಪರಿಗೆ ಕಾಗದ ಬರೆದಿಟ್ಟಿದ್ದೇನೆ. ವರ್ಷದ ನಿಯಮ ಸಡಿಲಿಸಿ, ಸೇಂಟ್ ಗಾಲ್ ಪಾದ್ರಿಮನೆಯ ಮಹಡಿಯ ಸಣ್ಣ ಕೋಣೆಯಲ್ಲಿ ನನ್ನನ್ನು ಇರಗೊಡಿ ಅಂತ. ಪ್ರಸಂಗ ಬೇಡ, ಸಮಿತಿ ಬೇಡ, ಯಾವುದರಲ್ಲೂ ಮೂಗು ತೂರಿಸುವುದಿಲ್ಲ. ಹಿಮ ಬಾಚುತ್ತೇನೆ, ಗಂಟೆ ಬಾರಿಸುತ್ತೇನೆ, ಹಾಸಿಗೆ ಹಿಡಿದವರ ಮನೆಗೆ ಪ್ರಸಾದ ಒಯ್ಯುತ್ತೇನೆ. ಹೊಸ ಫಾದರ್‌ಗೆ ನಾನೇನೂ ಭಾರವಾಗುವುದಿಲ್ಲ. ಹೇಗೂ ನೀನು ಅಲ್ಲಿ ಅಡುಗೆ ಮಾಡುತ್ತಿದ್ದೀಯ, ಇನ್ನೊಂದು ತಟ್ಟೆ ಅಷ್ಟೇ. ಹಾಗೇ ಬರೆದಿದ್ದೇನೆ: "ನಮ್ಮ ಟಿಲ್ಲಿ ಇರುವುದರಿಂದ ಊಟದ ತೊಂದರೆ ಯಾರಿಗೂ ಇಲ್ಲ."

ಇದು ಆಗದಿದ್ದರೆ ನನಗೆ ಇನ್ನು ಬೇರೆ ದಾರಿ ಕಾಣುವುದಿಲ್ಲ. ಬೆಳಿಗ್ಗೆ ಏಳುವುದಕ್ಕೆ ಒಂದು ಕಾರಣ ಬೇಕು ಟಿಲ್ಲಿ, ಎಷ್ಟೇ ಸಣ್ಣದಿರಲಿ. ನೀನು ಹೂಂ ಅಂದ ದಿನ ಕಾಗದ ಅಂಚೆಗೆ ಹಾಕುತ್ತೇನೆ.

ಫಾದರ್ ಲಿಯಾಂಡರ್


ಸೇಂಟ್ ಗಾಲ್
ಡಿಸೆಂಬರ್ 9, 2009

ಫಾದರ್,

ಇದನ್ನೂ ಹಾಕುವುದಿಲ್ಲ.

ಬನ್ನಿ ಅಂತ ಬರೆಯಲು ಕೈ ಎಷ್ಟು ಸಲ ಮುಂದಾಯಿತೋ ದೇವರಿಗೇ ಗೊತ್ತು. ನೀವು ಬಂದರೆ ನನಗೂ ಆ ಒಲೆ ವಾಪಸು ಸಿಕ್ಕೀತು ಅನ್ನುವ ಆಸೆಯೂ ಹುಟ್ಟಿತು, ಸುಳ್ಳು ಯಾಕೆ ಹೇಳಲಿ. ಮುದುಕರಿಗೆ ಯಾರಾದರೂ ಬೇಯಿಸಿ ಹಾಕಬೇಕಲ್ಲ ಅಂತ ಕರೆದಾರು ಅಂತ.

ಆದರೆ ಆ ಕಾಗದ ಬಿಷಪ್ಪರಿಗೆ ಹೋದರೆ ಅವರು ಫಾದರ್ ಒಬಿಯೋರಾರನ್ನು ಕೇಳುತ್ತಾರೆ. ಅಡುಗೆಯವಳು ಬಿಟ್ಟು ಅರ್ಧ ವರ್ಷವಾಯಿತಲ್ಲ ಅಂತ ಅವರು ಹೇಳುತ್ತಾರೆ. ತಾನು ಇದ್ದ ಮನೆಯಲ್ಲಿ ಏನು ನಡೆದಿದೆ ಅಂತ ತನಗೇ ಗೊತ್ತಿಲ್ಲದ ಮುದುಕ ಅಂತ ಬಿಷಪ್ಪರ ಕಚೇರಿಯ ತುಂಬಾ ಆಡಿಕೊಳ್ಳುತ್ತಾರೆ. ನನ್ನ ಸುಳ್ಳಿಗೆ ನೀವು ನಗೆಪಾಟಲಾಗಬೇಕೇ? ಈಗ ನಿಜ ಹೇಳೋಣವೆಂದರೆ ಇಷ್ಟು ದಿನ ಬರೆದ ಉಂಡೆ ಸಾರೆಲ್ಲಾ ಮುಖಕ್ಕೆ ಬಂದು ಬೀಳುತ್ತದೆ.

ಅದಕ್ಕೆ ನಾಳೆ ಬೇರೆ ಕಾಗದ ಬರೆಯುತ್ತೇನೆ. ಓದಿ ನೋಯುತ್ತೀರಿ. ನನಗೂ ಸಂಕಟವಾಗುತ್ತಿದೆ.

ಟಿಲ್ಲಿ


ಸೇಂಟ್ ಗಾಲ್
ಡಿಸೆಂಬರ್ 10, 2009

ಫಾದರ್,

ಬರಬೇಡಿ. ಬಿಷಪ್ಪರಿಗೆ ಆ ಕಾಗದ ಹಾಕಬೇಡಿ. ಮಹಡಿಯ ಕೋಣೆಯಲ್ಲಿ ಈಗ ಬೇರೆ ಸಾಮಾನು ತುಂಬಿದ್ದಾರೆ. ಹಿಮ ಬಾಚಲು ಯಂತ್ರ ಬಂದಿದೆ. ಜನ ಹೊಸ ಫಾದರ್‌ಗೆ ಹೊಂದಿಕೊಂಡಿದ್ದಾರೆ. ಇನ್ನೊಬ್ಬರಿಗೆ ಅಡುಗೆ ಮಾಡುವುದು ನನ್ನಿಂದಲೂ ಆಗದು.

ಇರುವಲ್ಲೇ ಇರಿ.

ಟಿಲ್ಲಿ


ಸೇಂಟ್ ಕ್ಲೌಡ್
ಡಿಸೆಂಬರ್ 18, 2009

ಟಿಲ್ಲಿ,

ತಿಳಿಯಿತು. ಕಾಗದ ಹರಿದು ಹಾಕಿದೆ. ಒಂದು ತಟ್ಟೆ ಅನ್ನುವುದು ನಿನಗೆ ಅಷ್ಟು ಭಾರ ಅಂತ ನನಗೆ ಗೊತ್ತಿರಲಿಲ್ಲ. ಇನ್ನು ನಿನಗೆ ತೊಂದರೆ ಕೊಡುವುದಿಲ್ಲ.

ಹಬ್ಬದ ಶುಭಾಶಯಗಳು.

ಲಿಯಾಂಡರ್ ಥೀಲೆನ್


ಸೇಂಟ್ ಕ್ಲೌಡ್
ಮಾರ್ಚ್ 12, 2010

ಟಿಲ್ಲಿ,

ಪಕ್ಕದ ಊರಿನ ಚರ್ಚಿನಲ್ಲಿದ್ದ ಮುದುಕ ಫಾದರ್ ಮೈನ್‌ರಾಡ್ ತೀರಿಕೊಂಡರು. ನಿನ್ನೆ ಅವರ ಮಣ್ಣಿಗೆ ಹೋಗಿದ್ದೆ. ನಮ್ಮ ಕಡೆಯ ಪಾದ್ರಿಗಳೆಲ್ಲಾ ಬಂದಿದ್ದರು. ಮಣ್ಣು ಮುಗಿದು ಅಲ್ಲಿಯ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹ್ಯಾಮ್ ಸ್ಯಾಂಡ್‌ವಿಚ್ಚಿನ ತಟ್ಟೆ ಹಿಡಿದು ಮೂಲೆಗೆ ಹೋಗಿ ನಿಂತಿದ್ದೆ. ಎತ್ತರದ ಒಬ್ಬ ಯುವಕ ಬಂದು ಕೈ ಹಿಡಿದರು.

"ಫಾದರ್ ಲಿಯಾಂಡರ್ ಅಲ್ವಾ? ನಾನು ಒಬಿಯೋರಾ. ನಿಮ್ಮನ್ನ ನೋಡ್ಬೇಕು ಅಂತ ಎಷ್ಟು ದಿನದಿಂದ ಅಂದ್ಕೊಂಡಿದ್ದೆ."

ನಿನ್ನ ಮೇಲಿನ ಮುನಿಸು ಇನ್ನೂ ಹೊಟ್ಟೆಯಲ್ಲಿತ್ತು. ಕುಟುಕೋಣ ಅಂತಲೇ, "ನಿಮ್ಗೇನಪ್ಪ, ಟಿಲ್ಲಿ ಕೈ ಅಡುಗೆ. ಎರಡೆರಡು ಸಲ ಸಾರು ಹಾಕಿಸ್ಕೊಳ್ತೀರಂತೆ" ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಮಮ್ಮಾ ಟಿಲ್ಲಿನಾ? ಅವರು ಬಿಟ್ಟು ಎಂಟು ತಿಂಗಳೇ ಆಯ್ತಲ್ಲ ಫಾದರ್. ನಾನೇ ಬೇಡ ಅಂದೆ. ಒಳ್ಳೇದಕ್ಕೇ ಅಂದ್ಕೊಂಡು ಹೇಳ್ದೆ, ಈಗೀಗ ತಪ್ಪು ಮಾಡಿದ್ನೇನೋ ಅನ್ಸುತ್ತೆ."

"ಮತ್ತೆ ನನ್ನ ಕಾಗದ?"

"ಮಂಗಳವಾರ ಬರ್ತಾರೆ, ಅದಕ್ಕೇ. ಹಿಮ ಇರಲಿ ಗಾಳಿ ಇರಲಿ. ಒಳಗೆ ಬನ್ನಿ, ಕಾಫಿ ಕುಡೀರಿ ಅಂದ್ರೆ ಬರಲ್ಲ, ಬಾಗಿಲಲ್ಲೇ ನಿಲ್ತಾರೆ. ಕ್ರಿಸ್ಮಸ್ ಆದ್ಮೇಲೆ ನಿಮ್ಮ ಕಾಗದಾನೇ ಇಲ್ಲ. ಆದ್ರೂ ಪ್ರತಿ ವಾರ ಬಂದು, 'ಇವತ್ತೂ ಇಲ್ವಾ? ಸರಿ' ಅಂದು ಹೋಗ್ತಾರೆ. ಅವರು ಹೋಗೋದು ನೋಡಿ, ನಾನೇ ಕೂತು ಒಂದು ಬರೆದು ನಿಮ್ಮ ಹೆಸರು ಹಾಕ್ಬಿಡೋಣ ಅಂತ ಕೂಡ ಅನ್ಸಿತ್ತು, ದೇವರಾಣೆ."

ತಟ್ಟೆ ಕೆಳಗಿಟ್ಟುಬಿಟ್ಟೆ. ಅಲ್ಲೇ ಹೇಳಬೇಕಾದ ಎರಡು ಒಳ್ಳೆಯ ಮಾತು ಅವರಿಗೆ ಹೇಳಿದೆನೋ ಇಲ್ಲವೋ ನೆನಪಿಲ್ಲ. ಅವರ ತಪ್ಪೇನೂ ಇಲ್ಲ.

ಯಾಕೆ ಹೇಳಲಿಲ್ಲ ಟಿಲ್ಲಿ? ನಾನು ಪುಟಗಟ್ಟಲೆ ಗೋಳು ಬರೆಯುತ್ತಿದ್ದಾಗ ನೀನೂ ಅದೇ ಗೋಳಿನಲ್ಲಿ ಕೂತಿದ್ದೆಯಲ್ಲ. ನಿನಗೆ ಖಾಲಿ ಕೂತವರ ಪಾಡು ಗೊತ್ತಿಲ್ಲ ಅಂತ ಬೇರೆ ಬರೆದೆ. ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಕಾಗದ ನಿನ್ನ ಮನೆಗೇ ಹಾಕೋಣ ಅಂತ ಲಕೋಟೆ ತೆಗೆದೆ. ವಿಳಾಸ ಗೊತ್ತಿಲ್ಲ. ಸೇಂಟ್ ಗಾಲ್‌ನ ಪ್ರತಿ ಮನೆಯ ನಾಯಿಯ ಹೆಸರು ಗೊತ್ತು ನನಗೆ, ನಿನ್ನ ಮನೆ ಯಾವ ಬೀದಿಯಲ್ಲಿದೆ ಅಂತ ಗೊತ್ತಿಲ್ಲ. ಅದಕ್ಕೆ ಇದನ್ನೂ ಪಾದ್ರಿಮನೆಗೇ ಹಾಕುತ್ತಿದ್ದೇನೆ. ಮಂಗಳವಾರ ಇನ್ನೊಂದು ಸಲ ಅಲ್ಲಿಗೆ ಹೋಗು.

ಲಿಯಾಂಡರ್


ಗಿರಣಿಯ ಹಿಂದಿನ ಬೀದಿ, ಹಸಿರು ಬಾಗಿಲು
ಸೇಂಟ್ ಗಾಲ್
ಮಾರ್ಚ್ 17, 2010

ಫಾದರ್,

ವಿಳಾಸ ಮೇಲೆ ಬರೆದಿದ್ದೇನೆ. ಪಾದ್ರಿಮನೆಯ ಹಿತ್ತಿಲ ಬಾಗಿಲಲ್ಲಿ ನಿಂತರೆ ನನ್ನ ಮನೆಯ ಹೊಗೆಗೂಡು ಕಾಣುತ್ತದೆ. ಅಷ್ಟೇ ದೂರ.

ಯಾಕೆ ಹೇಳಲಿಲ್ಲ ಅಂತ ಕೇಳಿದ್ದೀರಿ. ನೀವು ಯಾಕೆ ಕೇಳಲಿಲ್ಲ ಅಂತ ನಾನು ಕೇಳುತ್ತೇನೆ. ನಿಮ್ಮ ಎಲ್ಲ ಕಾಗದ ಮತ್ತೆ ತೆಗೆದು ಓದಿದೆ. ಮೊಟ್ಟೆ ಹೇಗೆ, ಒಲೆ ಹೇಗೆ, ಹೊಸ ಫಾದರ್ ಹೇಗೆ, ಎಲ್ಲ ಕೇಳಿದ್ದೀರಿ. ಟಿಲ್ಲಿ, ನೀನು ಹೇಗಿದ್ದೀಯ ಅಂತ ಒಂದು ಸಾಲು ಇಲ್ಲ. ಕೇಳಿದ್ದರೆ ಸುಳ್ಳು ಹೇಳಲು ನನಗೆ ಆಗುತ್ತಿರಲಿಲ್ಲ.

ಹೇಳಲು ಶುರು ಮಾಡಿದ್ದೇನೆ, ಎಲ್ಲ ಹೇಳಿಬಿಡುತ್ತೇನೆ. ಜನವರಿಯಲ್ಲಿ, ಕ್ರಿಸ್ಮಸ್ಸಿನ ಮಗುವನ್ನು ನೋಡಲು ಬಂದ ಮೂವರು ರಾಯರ ಹಬ್ಬಕ್ಕೆ, ಪ್ರತಿ ವರ್ಷ ಚಾಕ್ ಹಿಡಿದು ಊರಿನ ಎಲ್ಲ ಬಾಗಿಲ ಮೇಲೂ ಇಸವಿ ಬರೆದು, ರಾಯರ ಹೆಸರಿನ ಅಕ್ಷರ ಬರೆದು ಹರಸಿ ಬರುತ್ತಿದ್ದಿರಿ. ರೈತ ಬೋನ್‌ಸಾಕನ ಹಂದಿಗೂಡಿನ ಮೇಲೂ ಬರೆದಿದ್ದೀರಿ, ಅವನು ಕೇಳಿದ ಅಂತ. ನನ್ನ ಬಾಗಿಲ ಮೇಲೆ ಒಂದು ವರ್ಷವೂ ಬರೆಯಲಿಲ್ಲ. ಯಾಕೆ ಗೊತ್ತೇ? ನೀವು ನನ್ನ ಬೀದಿಗೆ ಬರುವ ಹೊತ್ತಿಗೆ ನಾನು ಮನೆಯಲ್ಲಿ ಇರುತ್ತಿರಲಿಲ್ಲ. ಚಳಿಯಲ್ಲಿ ಸುತ್ತಿ ಬರುತ್ತಾರೆ ಅಂತ ನಿಮ್ಮ ಕಾಫಿಗೆ ನೀರಿಟ್ಟು ಪಾದ್ರಿಮನೆಯಲ್ಲಿ ಕಾಯುತ್ತಿದ್ದೆ. ಬಾಗಿಲು ಬಡಿದಿರಿ, ಯಾರೂ ತೆಗೆಯಲಿಲ್ಲ, ಮುಂದಿನ ಮನೆಗೆ ಹೋದಿರಿ. ವಾಪಸು ಬಂದು ಕಾಫಿ ಕುಡಿಯುತ್ತಾ, "ಈ ಸಲ ಒಂದು ಮನೆಯೂ ಬಿಟ್ಟಿಲ್ಲ ನೋಡು" ಅನ್ನುತ್ತಿದ್ದಿರಿ. ಆ ಮುಚ್ಚಿದ ಬಾಗಿಲು ಯಾರದ್ದು ಅಂತ ಒಮ್ಮೆಯೂ ನಿಮಗೆ ಹೊಳೆಯಲಿಲ್ಲವಲ್ಲ ಫಾದರ್. ನಾನೂ ಬಾಯಿ ಬಿಡಲಿಲ್ಲ. ಹರಕೆಯನ್ನು ಕೇಳಿ ಪಡೆಯುವುದೇ ಅಂತ.

ನಿಮ್ಮ ಊಟ ಊಟದ ಮನೆಯಲ್ಲಿ, ನನ್ನದು ಅಡುಗೆಮನೆಯಲ್ಲಿ ನಿಂತುಕೊಂಡು. ನೀವು ಕೈಗಂಟೆ ಬಾರಿಸಿದರೆ ಓಡಿ ಬರಬೇಕಲ್ಲ. ಅದಕ್ಕೆ ನನಗೆ ಬೇಸರವಿರಲಿಲ್ಲ, ನಂಬಿ. ನಾನು ಬೇಕಾಗಿದ್ದೆ. ಈಗ ನನ್ನ ಮನೆಯಲ್ಲಿ ಗಂಟೆ ಬಾರಿಸುವವರಿಲ್ಲ, ಆದರೂ ನಿಂತುಕೊಂಡೇ ತಿನ್ನುತ್ತೇನೆ.

ಬೈದು ಮುಗಿಯಿತು. ಬರಬೇಡಿ ಅಂತ ಬರೆದ ದಿನ ಅಂಚೆ ಡಬ್ಬಿಯ ಮುಂದೆ ಬಹಳ ಹೊತ್ತು ನಿಂತಿದ್ದೆ. ನೀವು ಬರುವುದು ನನಗೆ ಬೇಕಿತ್ತು.

ಟಿಲ್ಲಿ


ಸೇಂಟ್ ಕ್ಲೌಡ್
ಏಪ್ರಿಲ್ 19, 2010

ಟಿಲ್ಲಿ,

ಹೇಗಿದ್ದೀಯ?

ಇದನ್ನು ಬರೆದು ಒಂದು ತಿಂಗಳು ಇಟ್ಟುಕೊಂಡಿದ್ದೆ. ಇದರ ಕೆಳಗೆ ಏನು ಬರೆದರೂ ಪ್ರಸಂಗದಂತೆ ಕೇಳುತ್ತಿತ್ತು, ಹರಿದು ಹಾಕುತ್ತಿದ್ದೆ. ಕ್ಷಮಿಸು ಅಂತ ಬರೆದರೆ ನೀನು ಕ್ಷಮಿಸಿಬಿಡುತ್ತೀಯ, ಅದು ನಿನಗೆ ಇನ್ನೊಂದು ಕೆಲಸ ಹಚ್ಚಿದಂತೆ. ಆದರೂ ಬರೆಯುತ್ತೇನೆ. ಕ್ಷಮಿಸು. ನಿನ್ನ ಕಾಗದದ ಒಂದು ಮಾತೂ ಸುಳ್ಳಲ್ಲ. ಆ ಮುಚ್ಚಿದ ಬಾಗಿಲು ನನಗೆ ನೆನಪಿದೆ. ಈ ಮನೆಯವರು ಚರ್ಚಿಗೆ ಅಷ್ಟಾಗಿ ಬರುವವರಲ್ಲವೇನೋ ಅಂದುಕೊಂಡು ಮುಂದೆ ಹೋಗುತ್ತಿದ್ದೆ.

ಇಲ್ಲಿಯ ಸುದ್ದಿ. ಆರ್ವಿಡ್ ಕಣ್ಣು ಎಂದೋ ವಾಸಿಯಾಯಿತು. ಔಷಧಿ ನಿಲ್ಲಿಸಿದ ಮಾರನೆಯ ಬೆಳಿಗ್ಗೆ ಅದೇ ಹೊತ್ತಿಗೆ ಬಾಗಿಲು ಬಡಿದ. "ಹನಿ ಮುಗೀತಲ್ಲೋ" ಅಂದೆ. "ಗೊತ್ತು ಕಣಯ್ಯ, ಸುಮ್ನೆ ಬಂದೆ. ಬರ್ಬಾರ್ದಾ?" ಅಂದ. ದಿನಾ ಬರುತ್ತಾನೆ. ಕೂತು ಕಾಫಿ ಕುಡಿಯುತ್ತೇವೆ. ಲೋಟ ನಾನು ತೊಳೆಯುತ್ತೇನೆ, ಅವನು ಒರೆಸುತ್ತಾನೆ, ಒಂದೊಂದು ಒಡೆಯುತ್ತಾನೆ. ಇದನ್ನು ಸೇವೆ ಅಂತಲೂ ಹೇಳಲಾರೆ, ಉದ್ಯೋಗ ಅಂತಲೂ ಹೇಳಲಾರೆ. ಆದರೆ ಬೆಳಿಗ್ಗೆ ಬಾಗಿಲ ಸದ್ದಿಗೆ ಎದ್ದು ಹೋಗುತ್ತೇನೆ. ದಣಿವು ಹೋಗಿಲ್ಲ. ಅದು ಇನ್ನು ಹೋಗುವುದೂ ಇಲ್ಲ ಅನ್ನಿಸುತ್ತದೆ. ಅದರ ಜೊತೆಗೇ ಏಳುವುದು, ಕೂರುವುದು.

ಜುಲೈಗೆ ನನ್ನ ವರ್ಷ ಮುಗಿಯುತ್ತದೆ. ಆಗ ಊರಿಗೆ ಬರಲೇ? ಪಾದ್ರಿಮನೆಗಲ್ಲ. ಗಿರಣಿಯ ಹಿಂದಿನ ಬೀದಿಗೆ. ಹಬ್ಬ ಜನವರಿಯಲ್ಲೇ ಮುಗಿದುಹೋಯಿತು, ನನಗೆ ಗೊತ್ತು, ಆದರೂ ಚಾಕ್ ತರುತ್ತೇನೆ. ಬಾಗಿಲ ಮೇಲೆ ಬರೆದು, ಹರಸಿ, ಆಮೇಲೆ ನೀನು ಒಪ್ಪಿದರೆ ನಿನ್ನ ಜೊತೆ ಕೂತು ಊಟ ಮಾಡಬೇಕು ಅಂತ ಆಸೆ. ನಾನು ಯಾರಿಗೆ ಬೇಕು ಅಂತ ಈ ವರ್ಷವೆಲ್ಲಾ ಹುಡುಕಿದೆ. ನನಗೆ ಯಾರು ಬೇಕು ಅಂತ ಕೇಳಿಕೊಳ್ಳಲೇ ಇಲ್ಲ. ನನಗೆ ನೀನು ಬೇಕು ಟಿಲ್ಲಿ, ಒಲೆಯ ಮುಂದೆ ಅಲ್ಲ, ಎದುರಿಗೆ. ಈ ವಯಸ್ಸಿನಲ್ಲಿ ಇಂಥದ್ದು ಬರೆಯಲು ನಾಚಿಕೆಯಾಗಬೇಕಿತ್ತು, ಆಗುತ್ತಿಲ್ಲ.

ಬೇಡ ಅಂದರೂ ಕೋಪ ಮಾಡಿಕೊಳ್ಳುವುದಿಲ್ಲ. ಕಾಗದ ಮಾತ್ರ ನಿಲ್ಲಿಸಬೇಡ.

ಲಿಯಾಂಡರ್


ಸೇಂಟ್ ಗಾಲ್
ಏಪ್ರಿಲ್ 26, 2010

ಫಾದರ್,

ಚೆನ್ನಾಗಿಲ್ಲ. ಮೊಣಕಾಲು ನೋವು, ನಿದ್ದೆ ಕಡಿಮೆ, ಸಂಜೆ ಹೊತ್ತು ಕಳೆಯುವುದಿಲ್ಲ. ಕೇಳಿದಿರಲ್ಲ, ಅದಕ್ಕೆ ಹೇಳಿದೆ.

ಫಾದರ್ ಒಬಿಯೋರಾ ಮೊನ್ನೆ ಬಂದು, ಗಸಗಸೆ ಬ್ರೆಡ್ಡು ಮಾಡುವುದು ಹೇಳಿಕೊಡಿ ಮಮ್ಮಾ ಅಂದರು. ಹಿಟ್ಟು ನಾದುವುದು ನೋಡಿದರೆ ಬಟ್ಟೆ ಒಗೆದ ಹಾಗಿದೆ. ಬೈದೆ. ಇನ್ನೊಮ್ಮೆ ಬರುತ್ತಾರಂತೆ.

ಜುಲೈಗೆ ಬನ್ನಿ. ಒಂದು ದಿನ ಮೊದಲೂ ಬೇಡ, ನಿಯಮ ನಿಯಮವೇ. ಚಾಕ್ ಬೇಕಾದರೆ ತನ್ನಿ. ಬಿಸಿಲಲ್ಲಿ ಬಾಗಿಲ ಮೇಲೆ ಬರೆಯುವ ಪಾದ್ರಿಯನ್ನು ನೋಡಿ ಬೀದಿಯವರು ನಗುತ್ತಾರೆ. ನಗಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಬಂದ ಮೇಲೆ ಮುಜುಗರವಾಗಬಾರದು. ಈ ಮನೆಯಲ್ಲಿ ಇದುವರೆಗೆ ಯಾರೂ ನನ್ನ ಜೊತೆ ಊಟಕ್ಕೆ ಕೂತಿಲ್ಲ. ಮೇಜಿಗೆ ಕುರ್ಚಿ ಒಂದೇ. ಬರುವಾಗ ಕಾರಿನಲ್ಲಿ ನಿಮ್ಮದೊಂದು ಕುರ್ಚಿ ಹಾಕಿಕೊಂಡು ಬನ್ನಿ. ಹೋಗುವಾಗ ಅದನ್ನು ಇಲ್ಲೇ ಬಿಟ್ಟು ಹೋಗಿ.

ಟಿಲ್ಲಿ